ಫ್ಲಾರೆನ್ಸಿನಲ್ಲಿ ಇಬ್ಬರ ರಾತ್ರಿ ಊಟ: ನಮ್ಮ ಕಡೆಯ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕಾದದ್ದು

ಹುಬ್ಬಳ್ಳಿ-ಧಾರವಾಡದಿಂದ ಇಟಲಿಗೆ ಹೋಗುವ ಗಂಡ-ಹೆಂಡತಿ ಸಸ್ಯಾಹಾರಿಗಳಾಗಿದ್ದರೆ ಪ್ರವಾಸದುದ್ದಕ್ಕೂ ಪಿಜ್ಜಾ ತಿಂದೇ ದಿನ ದೂಡುತ್ತಾರೆ. ಒಂದು ರಾತ್ರಿಯಾದರೂ ದೊಡ್ಡ ರೆಸ್ಟೋರೆಂಟಿನಲ್ಲಿ ಕೂತು ಸಾವಕಾಶವಾಗಿ ಉಣ್ಣಬೇಕೆಂಬ ಆಸೆ ಇದ್ದೇ ಇರುತ್ತದೆ. ಆದರೆ ತಟ್ಟೆಯಲ್ಲಿ ಏನು ಬರುತ್ತದೋ ಎಂಬ ಅಂಜಿಕೆಯಿಂದ ಒಳಗೆ ಕಾಲಿಡುವುದಿಲ್ಲ. ಈ ಅಂಜಿಕೆ ಬಿಡಲು ಫ್ಲಾರೆನ್ಸ್ ಸರಿಯಾದ ಊರು. ಅದು ಇರುವ ಟಸ್ಕನಿ ಪ್ರಾಂತ್ಯದ ಹಳೆಯ ಮನೆಯಡುಗೆ ಕಾಳು, ಸೊಪ್ಪು, ಹಿಂದಿನ ದಿನದ ಬ್ರೆಡ್ಡು ಮತ್ತು ಆಲಿವ್ ಎಣ್ಣೆಯ ಮೇಲೆ ನಿಂತಿದೆ.

ರೋಮಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ತಾಸಿನ ದಾರಿ. ಇಟಲಿಗೆ ಇಳಿದ ದಿನವೇ ಇಂಥ ಊಟ ಇಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ 8 ಗಂಟೆಯೆಂದರೆ ನಮ್ಮೂರಲ್ಲಿ 11:30, ಚಳಿಗಾಲದಲ್ಲಿ 12:30. ಹಸಿವಿನ ಬದಲು ನಿದ್ದೆ ಬರುತ್ತದೆ. ಒಳ್ಳೆಯ ರೆಸ್ಟೋರೆಂಟುಗಳು ಸಾಮಾನ್ಯವಾಗಿ 7 ಅಥವಾ 7:30ಕ್ಕೆ ಬಾಗಿಲು ತೆರೆಯುತ್ತವೆ, ಸ್ಥಳೀಯರು ಬರುವುದು 8ರ ಮೇಲೆ. ಮೊದಲ ಹೊತ್ತಿಗೇ ಟೇಬಲ್ ಕಾಯ್ದಿರಿಸಿದರೆ ಬಡಿಸುವವರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ. ದುಬಾರಿ ಜಾಗಗಳಲ್ಲಿ ಕಾರ್ಡ್ ನಂಬರ್ ಪಡೆದೇ ಟೇಬಲ್ ಕೊಡುವುದುಂಟು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ದುಡ್ಡು ಮುರಿದುಕೊಳ್ಳುತ್ತಾರೆ.

ಬುಕಿಂಗ್ ಮಾಡುವಾಗ 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಸಾಲದು. ಅಲ್ಲಿನವರ ಪ್ರಕಾರ ಸಸ್ಯಾಹಾರಿ ಮೊಟ್ಟೆ ತಿನ್ನುತ್ತಾನೆ, ಎಲ್ಲ ಬಗೆಯ ಚೀಸನ್ನೂ ತಿನ್ನುತ್ತಾನೆ. ಮಾಂಸ, ಮೀನು, ಮಾಂಸದ ಸಾರು, ಹಂದಿಕೊಬ್ಬು, ಜೆಲಾಟಿನ್ (ಪ್ರಾಣಿಗಳ ಚರ್ಮ-ಎಲುಬಿನಿಂದ ತೆಗೆದ ಅಂಟು) ಬೇಡ ಎಂದು ಒಂದೊಂದಾಗಿ ಬರೆಯಿರಿ. ಮೊಟ್ಟೆ ಬೇಡವೆಂದರೆ ಅದನ್ನೂ ಸೇರಿಸಿ. ಎರಡು ದಿನ ಮೊದಲೇ ತಿಳಿಸಿದರೆ ತರಕಾರಿ ಸಾರನ್ನು ಬೇರೆಯಾಗಿ ಕುದಿಸಿಡುತ್ತಾರೆ. ರಾತ್ರಿ 9ಕ್ಕೆ ಅಡುಗೆಮನೆ ಗಡಿಬಿಡಿಯಲ್ಲಿರುವಾಗ ಕೇಳಿದರೆ ಬೆಂದ ತರಕಾರಿಯ ತಟ್ಟೆಯೊಂದೇ ಗತಿ.

ಚೀಸಿನ ವಿಷಯ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಪಾಸ್ತಾ ಮೇಲೆ ತುರಿದು ಹಾಕುವ ಗಟ್ಟಿ ಚೀಸ್ ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲನ್ನು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಆ ಹೆಸರಿನಲ್ಲಿ ಮಾರಬೇಕಾದರೆ ಅದನ್ನೇ ಬಳಸಬೇಕೆಂಬ ನಿಯಮವಿದೆ. ಕುರಿ ಹಾಲಿನ ಚೀಸ್ ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನ್ನೆಟ್. ಕೆನೆಯ ಮೆತ್ತನೆ ಚೀಸ್ ಮಸ್ಕರ್ಪೋನೆಯನ್ನು ಮಾತ್ರ ಹುಳಿಯಿಂದ ಒಡೆಸುತ್ತಾರೆ. ರೆನ್ನೆಟ್ ಬೇಡವೆನ್ನುವವರು 'ಸೆನ್ಸಾ ಫೊರ್ಮಾಜ್ಜೊ' ಎಂದರೆ ಸಾಕು, ಚೀಸ್ ಇಲ್ಲದೆ ಕೊಡುತ್ತಾರೆ.

ಮೆನುವಿನಲ್ಲಿ ಅಥವಾ ಕೇಳಿದಾಗ ಅಲರ್ಜಿಯ ಪಟ್ಟಿ ಸಿಗುತ್ತದೆ. ಯುರೋಪಿನ ಕಾನೂನಿನಂತೆ 14 ಪದಾರ್ಥಗಳನ್ನು ತಿಳಿಸಲೇಬೇಕು. ಮೊಟ್ಟೆ, ಮೀನು, ಹಾಲು ಅದರಲ್ಲಿವೆ. ಆದರೆ ಮಾಂಸ, ರೆನ್ನೆಟ್, ಜೆಲಾಟಿನ್ ಆ ಪಟ್ಟಿಯಲ್ಲೇ ಇಲ್ಲ. ಪಟ್ಟಿ ನೋಡಿ ನಿಶ್ಚಿಂತೆಯಾಗುವವರು ಮೋಸ ಹೋಗುವುದು ಇಲ್ಲೇ.

ಮೊದಲಿಗೆ ಬ್ರೆಡ್ಡು ಬರುತ್ತದೆ. ಅದರಲ್ಲಿ ಉಪ್ಪಿಲ್ಲ, ಟಸ್ಕನಿಯ ರೂಢಿಯೇ ಹಾಗೆ. ಸುಟ್ಟ ಬ್ರೆಡ್ಡಿನ ಮೇಲೆ ಕಂದು ಬಣ್ಣದ ನುಣ್ಣನೆಯ ಮುದ್ದೆ ಸವರಿ ತಂದರೆ ಮುಟ್ಟಬೇಡಿ, ಅದು ಕೋಳಿ ಯಕೃತ್ತು. ನಿಮಗೆ ಬೇಕಾದದ್ದು ಫೆತ್ತುಂತಾ: ಸುಟ್ಟ ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ಉಜ್ಜಿ, ಮೇಲೆ ಹೊಸ ಆಲಿವ್ ಎಣ್ಣೆ ಮತ್ತು ಉಪ್ಪು. ಗಂಟಲಲ್ಲಿ ಸಣ್ಣಗೆ ಖಾರ ಹತ್ತಿದರೆ ಎಣ್ಣೆ ತಾಜಾ ಎಂದು ತಿಳಿಯಿರಿ.

ಆಮೇಲೆ ಫಾರ್ರೊ ಸೂಪ್ ಇದ್ದರೆ ಬಿಡಬೇಡಿ. ನನ್ನ ಮಟ್ಟಿಗೆ ಧಾರವಾಡದವರು ಅಲ್ಲಿ ಉಣ್ಣಲೇಬೇಕಾದದ್ದು ಇದು. ಫಾರ್ರೊ ಎಂದು ಅಲ್ಲಿ ಬಡಿಸುವ ಕಾಳು ನಮ್ಮ ಜವೆಗೋಧಿಯ ಜಾತಿಯದೇ, ಹುಗ್ಗಿ-ಮಾದ್ಲಿಗೆ ನಾವು ಹುಡುಕಿ ತರುವಂಥದ್ದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ತಳಿಗಳೂ ಇದರವೇ. ಲುಕ್ಕಾ ಬಳಿಯ ಗರ್ಫಾನ್ಯಾನಾ ಕಣಿವೆಯ ಫಾರ್ರೊಗೆ 1996ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿತು. ರಾತ್ರಿ ನೆನೆಸಿದ ಬೀನ್ಸ್ ಕಾಳು ಬೇಯಿಸಿ, ಅರ್ಧದಷ್ಟನ್ನು ಅರೆದು, ಉಳ್ಳಾಗಡ್ಡಿ, ಗಜ್ಜರಿ, ಸೆಲರಿಯ ಒಗ್ಗರಣೆಗೆ ಸೇರಿಸುತ್ತಾರೆ. ಅದರಲ್ಲೇ ಫಾರ್ರೊ ಅರ್ಧ ತಾಸು ಕುದಿಯುತ್ತದೆ. ಸಾರು ಗಟ್ಟಿಯಾದರೂ ಕಾಳು ಕರಗುವುದಿಲ್ಲ. ಒಂದೊಂದೂ ಹಲ್ಲಿಗೆ ಸಿಗುತ್ತದೆ. ಕೊನೆಗೆ ಹಸಿ ಎಣ್ಣೆಯ ಒಂದು ಸುತ್ತು. ಆದರೆ ಆ ಒಗ್ಗರಣೆಗೆ ಪಾಂಚೆತ್ತಾ, ಅಂದರೆ ಉಪ್ಪು ಹಚ್ಚಿದ ಹಂದಿ ಹೊಟ್ಟೆಯ ಮಾಂಸ, ಹಾಕುವವರು ಬಹಳ. ಕೇಳಿಯೇ ಆರ್ಡರ್ ಮಾಡಿ. ಬೇಸಿಗೆಯಲ್ಲಾದರೆ ಟೊಮೆಟೊ-ಬ್ರೆಡ್ಡಿನ ಪಪ್ಪಾ ಅಲ್ ಪೊಮೊದೊರೊ, ಚಳಿಯಲ್ಲಿ ಕಪ್ಪುಹಸಿರು ಸೊಪ್ಪಿನ ರಿಬೊಲ್ಲಿತಾ ಸಿಗುತ್ತವೆ. ಯಾವ ಸಾರಿನಲ್ಲಿ ಕುದಿಸಿದ್ದೆಂಬ ಪ್ರಶ್ನೆ ಅವಕ್ಕೂ ಇದೆ.

ಪಾಸ್ತಾದಲ್ಲಿ ತಾಜಾ ತಾಲ್ಯಾತೆಲ್ಲೆ, ರವಿಯೋಲಿಗಳ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಸಿಯೆನಾ ಕಡೆಯ ಪೀಚಿಯನ್ನು ಹೆಚ್ಚಾಗಿ ಹಿಟ್ಟು-ನೀರಿನಿಂದಲೇ ಕೈಯಲ್ಲಿ ಹೊಸೆಯುತ್ತಾರೆ. ಟೊಮೆಟೊ ಮತ್ತು ದೊಡ್ಡ ಬೆಳ್ಳುಳ್ಳಿಯ 'ಪೀಚಿ ಆಲ್ಯೋನೆ' ಕೇಳಿ. ಒಣ ಪಾಸ್ತಾ ನಡುವೆ ತುಸು ಗಟ್ಟಿ ಇದ್ದರೆ ಬೆಂದಿಲ್ಲವೆಂದು ವಾಪಸ್ ಕಳಿಸಬೇಡಿ, ಅದೇ ಅದರ ಹದ. ಸಾರಿನಲ್ಲಿ ಬೇಯಿಸುವ ಅನ್ನದ ಅಡುಗೆ ರಿಸೊಟ್ಟೊವನ್ನು ಸಾಮಾನ್ಯವಾಗಿ ಇಬ್ಬರಿಗೆ ಸೇರಿಯೇ ಮಾಡುತ್ತಾರೆ, 18–20 ನಿಮಿಷ ಬೇಕು. ಅದಕ್ಕೆ ಹಾಕುವ ಸಾರು ಬಹುಪಾಲು ಮಾಂಸದ್ದು. ಇಬ್ಬರಲ್ಲಿ ಒಬ್ಬರು ಮಾತ್ರ ಸಸ್ಯಾಹಾರಿಯಾಗಿದ್ದರೆ ಟೇಸ್ಟಿಂಗ್ ಮೆನು (ಅಡುಗೆಯವರೇ ಆರಿಸಿ ಸ್ವಲ್ಪಸ್ವಲ್ಪವೇ ಬಡಿಸುವ ಹಲವು ತಿನಿಸುಗಳ ಊಟ) ತೆಗೆದುಕೊಳ್ಳುವ ಮುನ್ನ ವಿಚಾರಿಸಿ. ಅನೇಕ ಕಡೆ ಇಡೀ ಟೇಬಲ್ಲಿಗೆ ಒಂದೇ ಮೆನು ಎನ್ನುತ್ತಾರೆ.

ಸಿಹಿಯಲ್ಲಿ ಕೆನೆಯನ್ನು ಹೆಪ್ಪುಗಟ್ಟಿಸಿದ ಪನ್ನಾ ಕೊತ್ತಾಗೆ ಜೆಲಾಟಿನ್, ಕಾಫಿ-ಮಸ್ಕರ್ಪೋನೆಯ ತಿರಾಮಿಸುಗೆ ಹಸಿ ಮೊಟ್ಟೆ ಬೀಳುತ್ತದೆ. ಶರತ್ಕಾಲದಲ್ಲಿ ಹೋದರೆ ಚೆಸ್ಟ್‌ನಟ್ ಹಿಟ್ಟು, ನೀರು, ಆಲಿವ್ ಎಣ್ಣೆ, ಒಣದ್ರಾಕ್ಷಿಯ ಕಸ್ತಾನ್ಯಾಚ್ಚೊ ಸಿಗುತ್ತದೆ; ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಊಟದ ಮೇಲೆ ಅಲ್ಲಿ ಕುಡಿಯುವುದು ಎಸ್ಪ್ರೆಸೊ, ಹಾಲಿನ ಕಾಫಿಯಲ್ಲ.

ಬಿಲ್ಲನ್ನು ಕೇಳದೆ ತರುವುದಿಲ್ಲ: 'ಇಲ್ ಕೊಂತೊ, ಪೆರ್ ಫವೋರೆ'. 'ಕೊಪೆರ್ತೊ' ಎಂದು ತಲೆಗೆ ಕೆಲವು ಯೂರೊ ಸೇರಿಸಿರುವುದು ಟೇಬಲ್-ಬ್ರೆಡ್ಡಿನ ಶುಲ್ಕ, ತಪ್ಪು ಲೆಕ್ಕವಲ್ಲ. ನೀರಿನ ಬಾಟಲಿಗೂ ದುಡ್ಡು ಬೀಳುತ್ತದೆ. ಟಿಪ್ಸ್ ಕೊಡಲೇಬೇಕೆಂದಿಲ್ಲ. ಕಾರ್ಡ್ ಮೆಶಿನ್ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯದ ದರ ಅವರು ಹೇಳಿದ್ದೇ ಆಗುತ್ತದೆ, ಸಾಮಾನ್ಯವಾಗಿ ಅದು ಬ್ಯಾಂಕಿನ ದರಕ್ಕಿಂತ ತುಟ್ಟಿ.