ಹನ್ನೊಂದು ಮಂದಿಯ ಮನೆಯಲ್ಲಿ ನಿನಗೆ ಸಮಾಧಾನ ಯಾವಾಗ?

ಗೆಳತಿಯರು ಮತ್ತೆ ಮತ್ತೆ ಕೇಳುವುದು ಇದನ್ನೇ. ಕಲಬುರಗಿಯ ಹಳೇ ಓಣಿಯಲ್ಲಿ ನಮ್ಮ ಮನೆ. ಅತ್ತಿ, ಮಾವ, ಇಬ್ಬರು ನೆಗೆಣ್ಣಿಯರು, ಅವರ ಗಂಡಂದಿರು, ನನ್ನ ಗಂಡ, ಮೂರು ಮಕ್ಕಳು, ನಾನು. ಬೆಳಿಗ್ಗೆ ಐದೂವರೆಗೆ ರೊಟ್ಟಿ ಬಡಿಯುವ ಸದ್ದು ಶುರುವಾದರೆ ರಾತ್ರಿ ಹನ್ನೊಂದರ ತನಕ ಒಂದಲ್ಲ ಒಂದು ಸದ್ದು.

ಕೋಟೆಗೆ ಹೋಗಿ ಕೂತು ಬಾ ಅಂತ ಕೆಲವರು ಹೇಳುತ್ತಾರೆ. ಅಲ್ಲಿನ ಜಾಮಿ ಮಸೀದಿ 1367ರದು. ಬೇರೆ ಮಸೀದಿಗಳಂತೆ ಬಯಲು ಅಂಗಳವಿಲ್ಲ, ಪೂರ್ತಿ ಮಾಡಿನ ಕೆಳಗೆ ಸಾಲು ಸಾಲು ಕಮಾನುಗಳು. ಒಳಗೆ ನಿಂತರೆ ಮೈ ತಣ್ಣಗಾಗುತ್ತದೆ, ನಿಜ. ಆದರೆ ದಿನಾ ಹೋಗಲಾಗುತ್ತದೆಯೇ?

ಮೇ ತಿಂಗಳ ಮಧ್ಯಾಹ್ನ ಸ್ವಲ್ಪ ಸಮಾಧಾನ ಸಿಗುತ್ತದೆ. ಹೊರಗೆ 42 ಡಿಗ್ರಿ. ಶಹಾಬಾದ್ ಕಲ್ಲಿನ ನೆಲ ಒರೆಸಿ ಎಲ್ಲರೂ ಅದರ ಮೇಲೇ ಮಲಗುತ್ತಾರೆ. ಕೂಲರಿನ ಸದ್ದು ಬೇರೆಲ್ಲವನ್ನೂ ನುಂಗುತ್ತದೆ. ಕರೆಂಟು ಹೋದರೆ ಮುಗಿಯಿತು, ಸಣ್ಣವ ಎದ್ದು ಕೂಡುತ್ತಾನೆ.

ನನಗೆ ನಿಜವಾಗಿ ಸಿಗುವುದು ನಳ ಬಂದ ರಾತ್ರಿ. ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು, ಅದೂ ಬಹಳ ಸಲ ನಡುರಾತ್ರಿ ಎರಡಕ್ಕೆ. ಮದುವೆಯಾಗಿ ಬಂದಾಗ ಆ ಕೆಲಸ ಅತ್ತಿಯದಾಗಿತ್ತು. "ನೀವು ಮಲಗ್ರಿ ಅತ್ತಿ, ನಾ ತುಂಬ್ತೀನಿ" ಅಂದರೆ ಬಿಡುತ್ತಲೇ ಇರಲಿಲ್ಲ. ಸೊಸೆಯ ಮೇಲೆ ನಂಬಿಕೆ ಇಲ್ಲ ಅಂತ ನನಗೆ ಬೇಜಾರು. ನಾಲ್ಕು ವರ್ಷದ ಹಿಂದೆ ಅವರ ಮೊಣಕಾಲು ನೋವು ಜಾಸ್ತಿಯಾಯಿತು. ಕೆಲಸ ನನಗೆ ಬಂತು.

ಮೊದಮೊದಲು ನಿದ್ದೆಗೆಟ್ಟು ಸಿಟ್ಟು ಬರುತ್ತಿತ್ತು. ಒಂದು ರಾತ್ರಿ ಸುಮ್ನೆ ಕೂತು ಕೊಡದ ದನಿ ಕೇಳಿದೆ. ಖಾಲಿ ಕೊಡಕ್ಕೆ ನೀರು ಬಿದ್ದಾಗ ದನಿ ದಪ್ಪ. ತುಂಬುತ್ತಾ ಒಳಗಿನ ಜಾಗ ಕಡಿಮೆಯಾದಂತೆ ಅದು ಸಣ್ಣಗಾಗುತ್ತಾ ಮೇಲೇರುತ್ತದೆ. ಕಣ್ಣು ಮುಚ್ಚಿಕೊಂಡೇ ಕೊಡ ಬದಲಿಸಬಹುದು. ಡ್ರಮ್ಮಿಗೆ ಪೈಪು ಹಾಕಿದರೆ ಇಪ್ಪತ್ತು ನಿಮಿಷ ಯಾರೂ ನನ್ನನ್ನು ಕರೆಯುವುದಿಲ್ಲ. ಬೇಕಾದರೆ ಓದುತ್ತೇನೆ. ಬಹಳ ಸಲ ಏನೂ ಮಾಡುವುದಿಲ್ಲ, ಬೇವಿನ ಗಿಡ ನೋಡುತ್ತಾ ಕೂಡುತ್ತೇನೆ. ಅವ್ವನ ನೆನಪಾಗುತ್ತದೆ. ಹಗಲು ಅವಳನ್ನು ನೆನೆಯಲೂ ಪುರಸೊತ್ತಿರುವುದಿಲ್ಲ.

ಇದನ್ನು ಒಮ್ಮೆ ಅತ್ತಿಯ ಮುಂದೆ ಹೇಳಿದೆ. ಅವರು ಕಾಳು ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಿ, "ಮತ್ತ ಇಪ್ಪತ್ತು ವರ್ಷ ನಾ ಯಾಕ ಬಿಟ್ಟುಕೊಟ್ಟಿಲ್ಲ ಅಂತಿ ಯವ್ವಾ?" ಅಂದರು.

ಹಾಗಾಗಿ ಕೇಳುವವರಿಗೆ ನಾನು ಹೇಳುವುದು: ಬೇರೆ ಕೋಣೆ ಹುಡುಕಬೇಡಿ. ಮನೆಯಲ್ಲಿ ಎಲ್ಲರೂ ಬೇಡ ಅನ್ನುವ ಕೆಲಸ ಯಾವುದಿದೆ ನೋಡಿ, ಅದರ ಸುತ್ತ ಯಾರೂ ಸುಳಿಯುವುದಿಲ್ಲ. ಆದರೆ ಮರುದಿನ ಮಧ್ಯಾಹ್ನ ನಿದ್ದೆ ಬೇಕು ಅಂತ ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳದೆ ಒಂದು ವರ್ಷ ತಲೆನೋವು ಅನುಭವಿಸಿದೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಸಂಪು ಕಟ್ಟಿಸಿದರೆ ನೀರು ತಾನೇ ತುಂಬುತ್ತದೆ ಅಂತ ನಮ್ಮ ಮನೆಯವರು ಅನ್ನುತ್ತಿರುತ್ತಾರೆ. ಈ ವರ್ಷ ಬೇಡ ಅಂದಿದ್ದೇನೆ. ಮೊಣಕಾಲು ನೋವು ಕಡಿಮೆ ಇದ್ದ ರಾತ್ರಿ ಅತ್ತಿಯೂ ಎದ್ದು ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ನಾವಿಬ್ಬರೂ ಮಾತಾಡುವುದಿಲ್ಲ. ಡ್ರಮ್ಮು ತುಂಬುವ ದನಿ ಸಣ್ಣಗಾದಾಗ ಅವರೇ ಕೈ ಸನ್ನೆ ಮಾಡುತ್ತಾರೆ, ನಾನು ಎದ್ದು ಪೈಪು ಬದಲಿಸುತ್ತೇನೆ.