ಅಂಚು ನೋಡು, ಬಣ್ಣ ನೋಡಬೇಡ

“ಕಡಲೇ ಇಲ್ದಿರೋ ಊರಲ್ಲಿ ಕೂತ್ಕೊಂಡು ಕಡಲ ಚಿಪ್ಪು ಕುಯ್ತಿದ್ದೀಯಲ್ಲವ್ವ, ನಮ್ಮ ಕೆರೇಲಿ ಇಲ್ವಾ?” ಪಾಂಡವಪುರದಿಂದ ಅವ್ವ ಫೋನಲ್ಲಿ ಕೇಳಿದ ಪ್ರಶ್ನೆ ಇದು. ಎಂಎಸ್ಸಿ ಪ್ರಾಜೆಕ್ಟಿನ ವರ್ಷ, ಮೈಸೂರಿನ ಸರಸ್ವತಿಪುರಂನ ರೂಮಲ್ಲಿದ್ದೆ.

ಕೆರೆ ಚಿಪ್ಪು ನನಗೆ ಹೊಸದೇನಲ್ಲ. ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಲ್ಯಾಮೆಲಿಡೆನ್ಸ್ ಅನ್ನೋ ಸಿಹಿನೀರಿನ ಚಿಪ್ಪು ಬಿಚ್ಚಿದವರಿಗೆಲ್ಲ ಗೊತ್ತು: ಚಿಪ್ಪು ಮುಚ್ಚಲು ಹಿಂದೊಂದು, ಮುಂದೊಂದು, ಎರಡು ಸ್ನಾಯು. ಮಂಗಳೂರಿನ ಗೆಳತಿ ಐಸ್ ಡಬ್ಬದಲ್ಲಿ ರಾತ್ರಿ ಬಸ್ಸಿಗೆ ತಂದ ಪಚ್ಚಿಲೆ, ಅಂದ್ರೆ ಕಡಲ ಬಂಡೆಗೆ ಅಂಟಿ ಬೆಳೆಯೋ ಚಿಪ್ಪು, ಬಿಚ್ಚಿದರೆ ಮುಂದಿನ ಸ್ನಾಯುವೇ ಇಲ್ಲ! ನಾನೇ ಕತ್ತರಿಸಿಬಿಟ್ಟೆನೇನೋ ಅಂತ ಇನ್ನೊಂದು ಬಿಚ್ಚಿದೆ. ಅದರಲ್ಲೂ ಇಲ್ಲ. ಪಚ್ಚಿಲೆ ಸೇರಿದ ಪರ್ನಾ ಕುಲವೇ ಹಾಗಂತೆ.

ಕೆಲಸವೇನೋ ಸರಳವಾಗಿತ್ತು. ಹಸಿರು ಪಚ್ಚಿಲೆಯನ್ನೂ (ಪರ್ನಾ ವಿರಿಡಿಸ್) ಕೇರಳದ ವಿಳಿಂಜಂ ಕಡೆಯ ಕಂದು ಚಿಪ್ಪನ್ನೂ ಅಂಗರಚನೆಯಲ್ಲೂ ಡಿಎನ್‌ಎಯಲ್ಲೂ ಬೇರೆ ಮಾಡಿ ತೋರಿಸಬೇಕು. ಹಸಿರು, ಕಂದು, ಇನ್ನೇನು ಅನ್ನಿಸುತ್ತಲ್ಲ? ಆದರೆ ಹಸಿರು ಪಚ್ಚಿಲೆಗೆ ವಯಸ್ಸಾದಂತೆ ಮೈಯೆಲ್ಲ ಕಂದು ಹತ್ತಿ, ಹಸಿರು ಅಂಚಲ್ಲಷ್ಟೇ ಉಳಿಯುವುದುಂಟು. ಗುಟ್ಟು ಒಳಗಿದೆ. ಸೀರೆ ಅಂಗಡೀಲಿ ಅವ್ವ ಮೊದಲು ಅಂಚು ಬಿಡಿಸಿ ನೋಡೋ ಹಾಗೆ ಒಳಮೈ ಹೊದಿಕೆಯ ಅಂಚನ್ನ ಭೂತಗನ್ನಡಿಯಲ್ಲಿ ನೋಡಬೇಕು. ಕಂದಿನದರಲ್ಲಿ ಅಂಚಿನುದ್ದಕ್ಕೂ ಉಬ್ಬಿದ ಮೊನೆಗಳ ಸಾಲು, ಹಸಿರಿನದು ನುಣುಪು.

ಅಷ್ಟರಲ್ಲಿ ನಾನೊಂದು ಘನಕಾರ್ಯ ಮಾಡಿದ್ದೆ. ಬಿಎಸ್ಸಿ ಅಭ್ಯಾಸಬಲ, ಮೊದಲ ಸರ್ತಿ ಬಂದ ಕಂದು ಚಿಪ್ಪನ್ನೆಲ್ಲ ಫಾರ್ಮಲಿನ್‌ಗೆ ಹಾಕಿಟ್ಟಿದ್ದೆ. ಅಂಗರಚನೆ ನೋಡೋಕೆ ಅದು ಸೊಗಸೇ. ಡಿಎನ್‌ಎಗೆ ಮಾತ್ರ ವಿಷ, ಅದನ್ನ ಪ್ರೋಟೀನಿಗೆ ಗಂಟು ಹಾಕಿ ಚೂರುಚೂರು ಮಾಡುತ್ತೆ. ಡಿಎನ್‌ಎ ತುಣುಕನ್ನ ನಕಲು ಮಾಡಿ ಹೆಚ್ಚಿಸೋ ಪಿಸಿಆರ್ ಮೂರು ಸಲ ಮಾಡಿದೆ, ಜೆಲ್ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ರಾಸಾಯನಿಕ ಸರಿಯಿಲ್ಲ ಅಂತ ಎರಡು ವಾರ ಬೈದಾಡಿದ್ದೇ ಬಂತು. ಎರಡನೇ ಸಲ ಬಂದವನ್ನ ಗಟ್ಟಿ ಆಲ್ಕೋಹಾಲ್‌ನಲ್ಲಿಟ್ಟೆ.

ಓದಿದ್ದು ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯಾದ ಸಿಒಐ ಅನ್ನೋ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ. ಅದೊಂದನ್ನೇ ನಂಬಿದರೆ ಎಡವಬಹುದು. ಮೈಟೊಕಾಂಡ್ರಿಯಾ ಸಾಮಾನ್ಯವಾಗಿ ಅವ್ವನಿಂದಷ್ಟೇ ಬರೋದು; ಇದೇ ಮನೆತನದ ಮೈಟಿಲಸ್ ಅನ್ನೋ ಕುಲದಲ್ಲಿ ಅಪ್ಪನ ಮೈಟೊಕಾಂಡ್ರಿಯಾ ಗಂಡುಮಕ್ಕಳಿಗೆ ಹೋಗುತ್ತೆ, ಅವ್ವನದು ಎಲ್ಲರಿಗೂ. ಅದಕ್ಕೇ ಕೋಶಕೇಂದ್ರದ ಡಿಎನ್‌ಎಯಲ್ಲಿರೋ ಐಟಿಎಸ್ ಅನ್ನೋ ಭಾಗವನ್ನೂ ನೋಡೋದು.

ಹಸಿರಿಗೂ ಕಂದಿಗೂ ದೂರ ಇದ್ದದ್ದು ನಿರೀಕ್ಷೆಯೇ. ಆಶ್ಚರ್ಯ ಆಗಿದ್ದು ಬೇರೆ ಕಡೆ. ಈ ಕಂದು ಚಿಪ್ಪಿಗೆ 1976ರಲ್ಲಿ ‘ಪರ್ನಾ ಇಂಡಿಕಾ’ ಅಂತ ನಮ್ಮದೇ ಹೆಸರು ಕೊಟ್ಟಿದ್ದರು. ಅಕ್ಷರಗಳನ್ನ ಪಕ್ಕಪಕ್ಕ ಇಟ್ಟರೆ ಅದು ಆಫ್ರಿಕಾ ತೀರದ ಪರ್ನಾ ಪರ್ನಾದ ಗುಂಪಿಗೇ ಹೋಗಿ ಕೂತಿತು! ನಾನೇನೂ ಕಂಡುಹಿಡಿಯಲಿಲ್ಲ, ನನಗಿಂತ ಮೊದಲೇ ದೊಡ್ಡವರು ಹೇಳಿಯಾಗಿತ್ತು. ಆಫ್ರಿಕಾದ್ದಕ್ಕೂ ಅಂಚಲ್ಲಿ ಅವೇ ಮೊನೆಗಳಿವೆಯಂತೆ. ಅಂಚು ಮೊದಲೇ ಹೇಳುತ್ತಿತ್ತು, ನಾವು ಊರು ನೋಡಿ ಹೆಸರಿಟ್ಟಿದ್ದೆವು ಅಷ್ಟೇ. ಒಂದು ಹೆಸರು ಹೋದದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. “ಸಾರು ಮಾಡುದ್ರೆ ಯಾವ್ದು ಚೆಂದಾಗಿರ್ತದೆ?” ಅಂದಳು.

ಆ ಫಾರ್ಮಲಿನ್ ಬಾಟಲಿ ಇನ್ನೂ ನನ್ನ ಹತ್ರಾನೇ ಇದೆ. ಮೊನ್ನೆ ಚೀಟಿ ಮೇಲಿನ ‘ಇಂಡಿಕಾ’ಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು, ಕೆಳಗೆ ‘ಪರ್ನಾ’ ಅಂತ ಬರೆದಿಟ್ಟೆ.