ಹಳೆಯ ಮೋಟಾರ್‌ಹೋಮಿಗೆ ಆರು ಟೈರು

ಈ ವರ್ಷ ನಮ್ಮ ಸಂಸಾರದ ದೊಡ್ಡ ಖರ್ಚೆಂದರೆ ಆರು ಟೈರು. ಕಾರಿಗಲ್ಲ, ಮನೆಯಂತೆ ಉಳಿದುಕೊಳ್ಳಬಹುದಾದ ಬಂಡಿಯಾದ ನಮ್ಮ ಹಳೆಯ ಮೋಟಾರ್‌ಹೋಮಿಗೆ. ವಿಡಿಯೊ ಕರೆಯಲ್ಲಿ ಅದನ್ನು ನೋಡಿದ ನಾಪೋಕ್ಲಿನ ಬಂಧುಗಳೂ ಮಡಿಕೇರಿಯ ಗೆಳೆಯರೂ ಬಗೆಬಗೆಯ ಪ್ರಶ್ನೆ ಕೇಳಿದ್ದಾರೆ: ಒಳಗೆ ಏನೇನಿದೆ, ಲೀಟರಿಗೆ ಎಷ್ಟು ಕೊಡುತ್ತದೆ, ಹೋಟೆಲಿನಲ್ಲಿ ಉಳಿದರೆ ಸಾಲದೇ. ಟೈರಿನ ಬಗ್ಗೆ ಯಾರೂ ಕೇಳಲಿಲ್ಲ. ನಾನು ಊರಿನವರಿಗೆ ಹೇಳಬೇಕೆಂದಿರುವುದು ಮಾತ್ರ ಟೈರಿನ ವಿಷಯವನ್ನೇ. ಇಲ್ಲಿ ಕಲಿತದ್ದು ಕೊಡಗಿನ ಬಹಳಷ್ಟು ಮನೆಗಳಿಗೂ ಬೇಕಾದದ್ದು ಎಂದು ನನಗೆ ಖಂಡಿತವಾಗಿ ಅನ್ನಿಸಿದೆ.

ನಾವಿರುವುದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ. ಅಪ್ಪ ಅಮ್ಮ ಊರಿನಿಂದ ಬಂದರೆ ತಿಂಗಳುಗಟ್ಟಲೆ ನಮ್ಮೊಂದಿಗೆ ಇರುತ್ತಾರೆ. ಬೆಳಗ್ಗೆ ಅಕ್ಕಿರೊಟ್ಟಿ ತಟ್ಟದಿದ್ದರೆ ಅಮ್ಮನಿಗೆ ದಿನ ಶುರುವಾಗುವುದಿಲ್ಲ. ಅಪ್ಪನಿಗೆ ಮೊಣಕಾಲು ನೋವು, ಎರಡು ತಾಸಿಗೊಮ್ಮೆ ಕಾಲು ಚಾಚಬೇಕು. ಒಲೆ, ಹಾಸಿಗೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಬೆನ್ನ ಮೇಲೆ ಹೊತ್ತ ಬಂಡಿ ಇಂಥವರಿಗಾಗಿಯೇ ಹುಟ್ಟಿದೆ. ಹೊಸದರ ಬೆಲೆ ನಮ್ಮಂಥವರ ಕೈಗೆ ನಿಲುಕುವುದಿಲ್ಲ. ಹಾಗಾಗಿ 1999ರ ಮಾದರಿಯ, ಫೋರ್ಡ್ ಇ-450 ಚಾಸಿಯ (ತಳಕಟ್ಟಿನ) ಮೇಲೆ ಕಟ್ಟಿದ ಬಂಡಿಯೊಂದನ್ನು ಹಿಂದಿನ ಮಾಲೀಕರಿಂದ ಕೊಂಡೆವು. ಎಂಜಿನ್ ಚೆನ್ನಾಗಿತ್ತು. ಟೈರುಗಳೂ ನೋಡಲು ಚೆನ್ನಾಗಿಯೇ ಇದ್ದವು. ನೆಲಕ್ಕೆ ತಾಗುವ ಅಚ್ಚಿನ (ಟ್ರೆಡ್) ಗೆರೆಗಳು ಆಳವಾಗಿ, ಅಂಚು ಚೂಪಾಗಿ, ಹೆಚ್ಚು ಓಡದವುಗಳಂತೆ ಕಾಣುತ್ತಿದ್ದವು.

ಹೆಚ್ಚು ಓಡದಿರುವುದೇ ಮೋಟಾರ್‌ಹೋಮ್ ಟೈರಿನ ಕಾಯಿಲೆ. ವರ್ಷಕ್ಕೆ ಕೆಲವು ಸಾವಿರ ಕಿಲೋಮೀಟರ್ ಓಡಿ, ಉಳಿದ ತಿಂಗಳೆಲ್ಲ ಅಂಗಳದಲ್ಲಿ ನಿಂತಿರುವ ಬಂಡಿ ಇದು. ಟೈರಿನ ರಬ್ಬರನ್ನು ತಿನ್ನುವುದು ರಸ್ತೆಯೊಂದೇ ಅಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು, ಶಾಖ ಇವೆಲ್ಲ ಅದನ್ನು ಒಳಗೂ ಹೊರಗೂ ಗಡಸಾಗಿಸುತ್ತವೆ. ಓಝೋನಿನ ದಾಳಿ ತಡೆಯಲು ತಯಾರಕರು ರಬ್ಬರಿಗೆ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಟೈರು ಉರುಳುತ್ತಾ ಬಾಗಿ ನಿಮಿರುತ್ತಿದ್ದರೆ ಆ ಮೇಣ ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತದೆ. ನಿಂತೇ ಇದ್ದರೆ ಬರುವುದು ನಿಧಾನವಾಗುತ್ತದೆ. ಇಲ್ಲಿನ ಕಣಿವೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಅಚ್ಚು ಹೊಸದಾಗಿಯೇ ಉಳಿದು, ಟೈರು ಮುದಿಯಾಗುತ್ತದೆ.

ಅದರ ವಯಸ್ಸು ಟೈರಿನ ಮೇಲೆಯೇ ಬರೆದಿರುತ್ತದೆ. ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಬೇಕು. ಮೊದಲ ಎರಡು ವಾರ, ಮುಂದಿನ ಎರಡು ವರ್ಷ: 1814 ಎಂದಿದ್ದರೆ 2014ರ 18ನೆಯ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನ ಟೈರು, ಅದರ ಬಗ್ಗೆ ಇನ್ನು ಯೋಚಿಸುವುದೇ ಬೇಡ. ತೊಡಕೆಂದರೆ ಪೂರ್ತಿ ಸಾಲು ಟೈರಿನ ಎರಡೂ ಬದಿಯಲ್ಲಿ ಇರಲೇಬೇಕೆಂದಿಲ್ಲ. ಹೊರಗಿನ ಬದಿಯಲ್ಲಿ ಅರ್ಧ ಸಾಲು ಮಾತ್ರ ಕಂಡರೆ ದಿನಾಂಕ ಒಳಬದಿಯಲ್ಲಿದೆ ಎಂದರ್ಥ. ನಾನು ಹಳೆಯ ಚಾಪೆಯೊಂದನ್ನು ಹಾಸಿ, ಟಾರ್ಚು ಹಿಡಿದು, ಹಿಂದೆ ಪ್ರತಿ ಬದಿಯಲ್ಲೂ ಎರಡೆರಡಾಗಿರುವ ಜೋಡಿ ಚಕ್ರಗಳ ನಡುವೆ ಕಣ್ಣಿಟ್ಟೆ. ಒಳಚಕ್ರದ ಮೇಲೆ ಕೆಂಪು ಧೂಳಿನ ಪದರ. ಒದ್ದೆ ಬಟ್ಟೆಯಲ್ಲಿ ಉಜ್ಜಿದ ಮೇಲೆ ಅಂಕಿ ಕಾಣಿಸಿತು, ಜೊತೆಗೆ ರಿಮ್ಮಿನ ಬಳಿ ಸುತ್ತಲೂ ಕೂದಲೆಳೆಯಂಥ ಬಿರುಕುಗಳೂ ಕಾಣಿಸಿದವು. ಉಗುರು ಆಡಿಸಿದರೆ ಬಿರುಕಿನ ಅಂಚು ತಾಗುತ್ತಿತ್ತು. ಹೊರಗಿನ ನಾಲ್ಕು ಟೈರುಗಳಲ್ಲಿ ಬಿರುಕಿನ ಸುಳಿವೇ ಇರಲಿಲ್ಲ. ಹೊಳಪು ಬರಿಸುವ ಎಣ್ಣೆ ಬಳಿದಿದ್ದರು. ಪೆಟ್ರೋಲಿಯಂ ಬೆರೆತ ಅಂಥ ಹೊಳಪಿನ ದ್ರವಗಳು ರಬ್ಬರಿಗೆ ಒಳ್ಳೆಯದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅನೇಕ ವಾಹನ ತಯಾರಕರು ಅಚ್ಚು ಹೇಗೇ ಇರಲಿ, ಆರು ವರ್ಷಕ್ಕೆ ಟೈರು ಬದಲಿಸಿ ಎನ್ನುತ್ತಾರೆ. ಟೈರು ತಯಾರಕರಲ್ಲಿ ಮಿಷೆಲಿನ್‌ನಂಥವರು ಐದು ವರ್ಷದ ನಂತರ ಪ್ರತಿ ವರ್ಷ ತಜ್ಞರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಬದಲಿಸಲೇಬೇಕು ಎನ್ನುತ್ತಾರೆ. ಇಷ್ಟು ಬಿಸಿಲಿನ ನಾಡಿನಲ್ಲಿ, ಇಷ್ಟು ಭಾರದ ಬಂಡಿಗೆ, ಹತ್ತನೆಯ ವರ್ಷದವರೆಗೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಮೋಟಾರ್‌ಹೋಮಿನಲ್ಲಿ ಟೈರು ಒಡೆದರೆ ಟೈರು ಮಾತ್ರ ಹೋಗುವುದಿಲ್ಲ. ಕಿತ್ತುಬಂದ ರಬ್ಬರ್ ಪಟ್ಟಿ ಚಕ್ರದ ಮೇಲಿನ ನೆಲವನ್ನು ಸೀಳುತ್ತದೆ. ಅಲ್ಲಿಯೇ ಹಾದುಹೋಗುವ ವಿದ್ಯುತ್ ತಂತಿ, ಒಲೆಯ ಗ್ಯಾಸಿನ ಕೊಳವೆ, ಶೌಚದ ಕೊಳವೆಗಳಿಗೂ ಏಟು ಬೀಳಬಹುದು. ಮುಂದಿನದು ಒಡೆದರೆ ಸ್ಟೀರಿಂಗ್ ಹಿಡಿದವನ ತೋಳಿನ ಬಲದ ಮೇಲೆ ಎಲ್ಲ ನಿಂತಿರುತ್ತದೆ. ಹಿಂದಿನ ಹಾಸಿಗೆಯಲ್ಲಿ ಅಪ್ಪ ಮಲಗಿರುತ್ತಾರೆ.

ಆರೂ ಬದಲಿಸುವುದೆಂದು ನಿಶ್ಚಯವಾದ ಮೇಲೆ ಹಣದ ಮಾತು. ನಮ್ಮ ಅಳತೆ ಎಲ್‌ಟಿ225/75ಆರ್16, ಅಂದರೆ ಲಘು ಟ್ರಕ್ಕಿನ ಬಗೆಯ ಟೈರು. ಅಗ್ಗ ಯಾವುದು, ದುಬಾರಿ ಯಾವುದು ಎಂದು ಲೆಕ್ಕ ಹಾಕುವಾಗ ನಾವು ಊರಿನಲ್ಲಿ ಕಲಿತ ಪದ್ಧತಿ ಒಂದೇ: ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂಬುದು. ಸಂಪಾಜೆ ಘಾಟಿಯನ್ನು ದಿನವೂ ಇಳಿದು ಹತ್ತುವ ಪಿಕಪ್ಪಿಗೆ, ಮಾಂದಲಪಟ್ಟಿಯ ಕಲ್ಲುದಾರಿಯ ಜೀಪಿಗೆ ಆ ಲೆಕ್ಕ ಸರಿ. ಮೋಟಾರ್‌ಹೋಮಿಗೆ ಅದು ಸರಿಹೋಗುವುದಿಲ್ಲ. ದೊಡ್ಡ ಹೆಸರಿನ ಟೈರು ಇನ್ನೊಂದಕ್ಕಿಂತ ಮೂವತ್ತು ಸಾವಿರ ಕಿಲೋಮೀಟರ್ ಹೆಚ್ಚು ಬಾಳುತ್ತದೆ ಎಂದು ಅಂಗಡಿಯವರು ಹೇಳಿದರೆ ಅದು ನಿಜವೇ ಇರಬಹುದು, ಆದರೆ ಆ ಕಿಲೋಮೀಟರುಗಳನ್ನು ನಾವು ಓಡುವ ಹೊತ್ತಿಗೆ ಟೈರಿಗೆ ವಯಸ್ಸಾಗಿರುತ್ತದೆ. ನಾವು ಹಣ ಕೊಡುವುದು ವರ್ಷಗಳಿಗೆ. ಹಾಗಾಗಿ ಮಧ್ಯಮ ಬೆಲೆಯ, ಪರಿಚಿತ ಕಂಪನಿಯ, ಇತ್ತೀಚೆಗೆ ತಯಾರಾದ ಟೈರೇ ನಮಗೆ ನಿಜವಾದ ಅಗ್ಗದ ಟೈರು. ಈ ಅಳತೆಯಲ್ಲಿ ಫೈರ್‌ಸ್ಟೋನ್, ಹ್ಯಾಂಕೂಕ್, ಕೂಪರ್ ಎಲ್ಲರದೂ ಸಿಗುತ್ತದೆ, ಮಿಷೆಲಿನ್‌ಗಿಂತ ಕಡಿಮೆ ಬೆಲೆಗೆ. ಮೂರು ವರ್ಷ ಗೋದಾಮಿನಲ್ಲಿ ಕುಳಿತ ದುಬಾರಿ ಟೈರನ್ನು ರಿಯಾಯಿತಿ ದರದಲ್ಲಿ ಕೊಂಡರೆ ಬಾಳಿಕೆಯ ಅರ್ಧವನ್ನು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ. ಬಳಸಿದ ಟೈರಿನ ಮಾತಂತೂ ಬೇಡವೇ ಬೇಡ.

ಅಗ್ಗದ ಹುಡುಕಾಟಕ್ಕೆ ಒಂದು ಕಡೆ ಮಾತ್ರ ಬಾಗಿಲು ಮುಚ್ಚಿಕೊಳ್ಳಬೇಕು. ಅದು ಹೊರೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈರಿನ ಮೇಲೆ 115/112 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. 115 ಎಂದರೆ 1,215 ಕಿಲೋ, 112 ಎಂದರೆ 1,120 ಕಿಲೋ. ಇದು ಲೋಡ್ ರೇಂಜ್ ಇ ಎಂಬ ದರ್ಜೆ, ಗಾಳಿಯನ್ನು 80 ಪಿಎಸ್‌ಐ ಒತ್ತಡಕ್ಕೆ ತುಂಬಿದಾಗ ಹೊರುವ ಶಕ್ತಿ. ಹಿಂದೆ ನಾಲ್ಕು ಟೈರು, ಒಟ್ಟು 4,480 ಕಿಲೋ. ನಮ್ಮ ಬಂಡಿಯ ಹಿಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ 9,450 ಪೌಂಡು, ಅಂದರೆ ಸುಮಾರು 4,286 ಕಿಲೋ. ಮಿಗುವ ಅಂತರ ಇನ್ನೂರು ಕಿಲೋಗಿಂತ ಕಡಿಮೆ! ಇದೇ ಅಳತೆಯಲ್ಲಿ ಡಿ ದರ್ಜೆಯ ಟೈರೂ ಇದೆ, ಬೆಲೆಯೂ ಕಡಿಮೆ. ಅದರ ಜೋಡಿ ಸಂಖ್ಯೆ 107, ಎಂದರೆ 975 ಕಿಲೋ. ನಾಲ್ಕಕ್ಕೆ 3,900. ನೀರಿನ ಟ್ಯಾಂಕು ತುಂಬಿಸಿ, ಅಕ್ಕಿ ಮೂಟೆ ಹೇರಿ, ಎಲ್ಲರೂ ಹತ್ತಿ ಕುಳಿತರೆ ಅದು ಮೊದಲ ದಿನದಿಂದಲೇ ಮಿತಿಮೀರಿದ ಭಾರದಲ್ಲಿ ಓಡುತ್ತದೆ. ನಾನು ವಿಚಾರಿಸಿದ ಅಂಗಡಿಯೊಂದರಲ್ಲಿ ಈ ಡಿ ದರ್ಜೆಯದನ್ನೇ ತೋರಿಸಿ, ಅಳತೆ ಒಂದೇ ತಾನೇ ಎಂದರು. ಅಳತೆ ಒಂದೇ ಆದರೆ ಶಕ್ತಿ ಒಂದೇ ಅಲ್ಲ. ಟ್ರೇಲರಿಗೆಂದೇ ಮಾಡಿದ ಎಸ್‌ಟಿ ಗುರುತಿನ ಟೈರುಗಳೂ ಅಗ್ಗವಾಗಿ ಸಿಗುತ್ತವೆ. ಅವು ಹಿಂದೆ ಎಳೆಸಿಕೊಂಡು ಬರುವ ಗಾಡಿಗೆ, ಸ್ಟೀರಿಂಗ್ ತಿರುಗಿಸುವ, ಎಂಜಿನ್ ನೂಕುವ ಚಕ್ರಗಳಿಗಲ್ಲ.

ನಮ್ಮ ಅದೃಷ್ಟವೆಂದರೆ ಇದೇ ಅಳತೆಯನ್ನು ಇಲ್ಲಿನ ಎಷ್ಟೋ ಸರಕು ವ್ಯಾನುಗಳು, ಆಂಬುಲೆನ್ಸುಗಳು, ಸಣ್ಣ ಬಸ್ಸುಗಳು ಬಳಸುತ್ತವೆ. ಅವು ವರ್ಷವಿಡೀ ಓಡುವುದರಿಂದ ಅಂಗಡಿಯ ಸರಕು ಬೇಗ ಬೇಗ ಬದಲಾಗುತ್ತದೆ. ಮೋಟಾರ್‌ಹೋಮಿನವರಿಗೆಂದೇ ಇರುವ ಅಂಗಡಿಗೆ ಹೋಗದೆ ವ್ಯಾನುಗಳಿಗೆ ಟೈರು ಹಾಕುವ ಅಂಗಡಿಗೆ ಹೋದದ್ದರಿಂದ ಬೆಲೆಯೂ ಇಳಿಯಿತು, ತಾಜಾ ಟೈರೂ ಸಿಕ್ಕಿತು. ಹಣ ಕೊಡುವ ಮೊದಲೇ ತಯಾರಾದ ವಾರ ಕೇಳಿದೆ. ಅವರು ಬೇಸರಿಸದೆ ಗೋದಾಮಿಗೆ ಹೋಗಿ ಅಂಕಿ ನೋಡಿ ಬಂದರು. ತೀರಾ ಹಳೆಯ, 1970-80ರ ದಶಕದ ಬಂಡಿಗಳ ಕಥೆ ಬೇರೆ. ಅವುಗಳಲ್ಲಿ ಕೆಲವಕ್ಕೆ 16.5 ಇಂಚಿನ ರಿಮ್ ಇರುತ್ತದೆ, ಟೈರು ಸಿಗುವುದು ಅಪರೂಪ. ಅದಕ್ಕೆ 16 ಇಂಚಿನ ಟೈರನ್ನು ಹೇಗೋ ಕೂರಿಸಲು ಹೋದರೆ ಗಾಳಿ ತುಂಬುವಾಗಲೇ ಸಿಡಿದು ಜೀವ ಹೋಗಬಹುದು. ಅಂಥ ಬಂಡಿಗೆ ರಿಮ್ಮನ್ನೇ ಬದಲಿಸಿಕೊಳ್ಳುವುದು ಒಳಿತು.

ಟೈರಿನಲ್ಲಿ ಉಳಿದ ಹಣವನ್ನು ನಾನು ಸಣ್ಣ ಸಣ್ಣ ಸಾಮಾನಿಗೆ ಸುರಿದೆ. ಮಾಮೂಲು ಕಾರಿನ ರಬ್ಬರ್ ವಾಲ್ವು 65 ಪಿಎಸ್‌ಐವರೆಗೆ ಮಾತ್ರ; 80 ತುಂಬುವ ಚಕ್ರಕ್ಕೆ ಲೋಹದ ವಾಲ್ವು ಹಾಕಿಸಿದೆ. ಒಳಚಕ್ರದ ವಾಲ್ವಿಗೂ ಕೈ ಎಟುಕುವಂತೆ ಮಾಡಿಸಿದೆ, ಏಕೆಂದರೆ ಕೈ ಎಟುಕದ ಚಕ್ರದ ಗಾಳಿಯನ್ನು ಯಾರೂ ನೋಡುವುದಿಲ್ಲ. ಜೋಡಿ ಚಕ್ರವೆಂದರೆ ನೊಗಕ್ಕೆ ಕಟ್ಟಿದ ಎತ್ತುಗಳಿದ್ದ ಹಾಗೆ: ಒಂದು ಸೋತರೆ ಇನ್ನೊಂದು ಎರಡರ ಭಾರವನ್ನೂ ಎಳೆದು ಕುಸಿಯುತ್ತದೆ, ಚಾಲಕನಿಗೆ ಗೊತ್ತೇ ಆಗುವುದಿಲ್ಲ. ನಿಗದಿತ ಗಾಳಿಯ ಶೇಕಡ 80ಕ್ಕಿಂತ ಕಡಿಮೆಯಲ್ಲಿ, ಅಂದರೆ ನಮ್ಮ 80ರ ಲೆಕ್ಕದಲ್ಲಿ 64ಕ್ಕಿಂತ ಕೆಳಗಿಳಿದು ಓಡಿದ ಟೈರನ್ನು ಈ ಉದ್ಯಮದಲ್ಲಿ ಗಾಳಿಯಿಲ್ಲದೆ ಓಡಿದ ಟೈರೆಂದೇ ಎಣಿಸುತ್ತಾರೆ. ಅದಕ್ಕೆ ಸುಮ್ಮನೆ ಗಾಳಿ ತುಂಬಬಾರದು, ಬಿಚ್ಚಿ ಒಳಗೆ ಪರೀಕ್ಷಿಸಬೇಕು. ಆಮೇಲೆ ಲಾರಿಗಳು ತೂಕ ಮಾಡಿಸುವ ಹೆದ್ದಾರಿ ಬದಿಯ ಕ್ಯಾಟ್ ಸ್ಕೇಲಿನಲ್ಲಿ, ಪ್ರವಾಸಕ್ಕೆ ಹೊರಟಂತೆಯೇ ಎಲ್ಲ ಹೇರಿಕೊಂಡು ತೂಗಿಸಿದೆವು. ಅದು ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ಭಾರವನ್ನು ಬೇರೆ ಬೇರೆಯಾಗಿ ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಆ ಭಾರಕ್ಕೆ ಎಷ್ಟು ಗಾಳಿ ಎಂಬ ಕೋಷ್ಟಕ ಟೈರು ತಯಾರಕರ ಬಳಿ ಇರುತ್ತದೆ. ಊಹೆಯ ಮೇಲೆ ತುಂಬುವುದು ತಪ್ಪಿತು. ಮೊದಲ ನೂರು ಮೈಲಿ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿದ್ದೂ ಆಯಿತು. ನಿಲ್ಲಿಸಿದಾಗ ಟೈರುಗಳಿಗೆ ಈಗ ಬಿಳಿಯ ಹೊದಿಕೆ ಇದೆ.

ಇನ್ನು ಊರಿನ ಮಾತು. ಕೊಡಗಿನ ಮಳೆಯಲ್ಲಿ ಅಚ್ಚಿನ ಆಳವೇ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. 1.6 ಮಿಲಿಮೀಟರ್ ಎಂಬ ಕಾನೂನಿನ ಮಿತಿ ಜುಲೈ ತಿಂಗಳ ಮಾಕುಟ್ಟ ರಸ್ತೆಗೆ ಸಾಲದು, ಅದಕ್ಕಿಂತ ಬಹಳ ಮೊದಲೇ ಬದಲಿಸಬೇಕು. ಆದರೆ ನಮ್ಮಲ್ಲಿ ಈಗ ಇನ್ನೊಂದು ಬಗೆಯ ವಾಹನ ಹೆಚ್ಚಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ನನ್ನಂತೆ ಇನ್ನೂ ದೂರದಲ್ಲೋ ಇರುತ್ತಾರೆ. ತೋಟದ ಮನೆಯ ಶೆಡ್ಡಿನಲ್ಲಿ ಕಾರು ನಿಂತಿರುತ್ತದೆ. ಗೋಣಿಕೊಪ್ಪದ ಸಂತೆಗೆ, ವಿರಾಜಪೇಟೆಯ ಆಸ್ಪತ್ರೆಗೆ, ಮದುವೆ ಮನೆಗೆ ಎಂದು ಆಗೊಮ್ಮೆ ಈಗೊಮ್ಮೆ ಹೊರಬರುತ್ತದೆ. ಹತ್ತು ವರ್ಷವಾದರೂ ಅಚ್ಚು ಸವೆದಿರುವುದಿಲ್ಲ, ಟೈರು ಹೊಸದರಂತಿದೆ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಸಂತೆಗೆ ಹೋಗಿ ಬರುವ ನಿಧಾನದ ಓಡಾಟದಲ್ಲಿ ಅದರ ದೌರ್ಬಲ್ಯ ಬಯಲಾಗುವುದೂ ಇಲ್ಲ. ಬಯಲಾಗುವುದು ಮಗ ಮಗಳು ವಿಮಾನದಲ್ಲಿ ಬರುತ್ತಾರೆಂದು ಐದು ಜನ ತುಂಬಿಕೊಂಡು, ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ, ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ತಾಸುಗಟ್ಟಲೆ ಓಡಿದಾಗ. ಭಾರ, ವೇಗ, ಶಾಖ ಮೂರೂ ಆ ದಿನವೇ ಒಟ್ಟಿಗೆ ಬರುತ್ತವೆ. ಬರುವ ಮಕ್ಕಳಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಭಾರತದಲ್ಲಿ ತಯಾರಾದ ಟೈರುಗಳಲ್ಲಿಯೂ ಇದೇ ನಾಲ್ಕು ಅಂಕಿಗಳಿರುತ್ತವೆ. ದೂರದಲ್ಲಿರುವ ಮಕ್ಕಳು ಅಪ್ಪನಿಗೋ ತೋಟದ ಲೆಕ್ಕ ನೋಡುವ ರೈಟರಿಗೋ ಫೋನ್ ಮಾಡಿ ನಾಲ್ಕೂ ಚಕ್ರಗಳ ಅಂಕಿಯ ಫೋಟೊ ತರಿಸಿಕೊಳ್ಳಬಹುದು. ನಾನು ಹಾಗೆಯೇ ಮಾಡಿದೆ. ಆಯುಧಪೂಜೆಗೆ ಕಾರು ತೊಳೆಯುವ ದಿನವಾದರೆ ಕೆಸರೂ ಇರುವುದಿಲ್ಲ. ಬದಲಿಸುವಾಗ ಕಾರಿನ ಬಾಗಿಲಂಚಿನ ಪಟ್ಟಿಯಲ್ಲಿ ಬರೆದ ಅಳತೆಯನ್ನೂ ಹೊರೆಯ ಸಂಖ್ಯೆಯನ್ನೂ ನೋಡಿ, ಅದಕ್ಕಿಂತ ಕಡಿಮೆಯದನ್ನು ಒಪ್ಪಬೇಡಿ, ಅಂಗಡಿಯಲ್ಲಿ ತಯಾರಾದ ವಾರ ಕೇಳಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಹೊರತೆಗೆದು ನೋಡಿ. ಅದು ಒಂದು ದಿನವೂ ನೆಲ ಮುಟ್ಟಿಲ್ಲದಿರಬಹುದು, ಆದರೆ ವಯಸ್ಸು ಅದಕ್ಕೂ ಆಗಿರುತ್ತದೆ. ನಾಲ್ಕರಲ್ಲಿ ಒಂದು ಸವೆದಾಗ ಆ ಸ್ಟೆಪ್ನಿಯನ್ನೇ ಹಾಕಿಕೊಂಡು ದೂರ ಪ್ರಯಾಣಕ್ಕೆ ಹೊರಡಬೇಡಿ. ಹತ್ತಿರದ ಪಂಕ್ಚರ್ ಅಂಗಡಿ ತಲುಪುವಷ್ಟಕ್ಕೆ ಮಾತ್ರ ಅದನ್ನು ನಂಬಬಹುದು.